ಸಬ್‌ಮರೀನ್ ಡಯಲಿನ ಹಳೇ ವೋಸ್ಟೋಕ್ ಆಂಫಿಬಿಯಾ: ವರ್ಷಗಟ್ಟಲೆ ಕಟ್ಟಿದ ಮೇಲೆ ಬರೆದದ್ದು

ಈ ವಾಚಿನಲ್ಲಿ ನೀವು ದುಡ್ಡು ಕೊಡುವುದು ಡಯಲಿಗೆ. ಮಷಿನ್, ಗ್ಲಾಸ್, ಬೆಜೆಲ್ (ಗ್ಲಾಸಿನ ಸುತ್ತಲಿನ ಬಳೆ), ಚೈನು ಯಾವುದು ಕೆಟ್ಟರೂ ಬೇರೆ ಸಿಗುತ್ತದೆ. ಡಯಲ್ ಹಾಳಾದರೆ ಮುಗಿಯಿತು. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ನನ್ನ ಹತ್ತಿರ ಇರುವುದು ಸೋವಿಯತ್ ಒಕ್ಕೂಟದ ಕೊನೆಯ ವರ್ಷಗಳ ವೋಸ್ಟೋಕ್ ಆಂಫಿಬಿಯಾ, ಆಟೋಮ್ಯಾಟಿಕ್. ಕಪ್ಪು ಡಯಲ್. ಅದರ ಮೇಲೆ ಒಂದು ಪುಟ್ಟ ಸಬ್‌ಮರೀನ್, ಒಂದು ಕೆಂಪು ನಕ್ಷತ್ರ. ಜೊತೆಗೆ ರಷ್ಯನ್ ಅಕ್ಷರಗಳಲ್ಲಿ ‘ಜಕಾಜ್ ಎಂಒ ಎಸ್‌ಎಸ್‌ಎಸ್‌ಆರ್’ ಎಂದಿದೆ. ಸೋವಿಯತ್ ರಕ್ಷಣಾ ಇಲಾಖೆಯ ಆರ್ಡರ್ ಮೇಲೆ ಮಾಡಿದ್ದು ಅಂತ ಅರ್ಥ. ಡಯಲಿನ ಕೆಳ ಅಂಚಿನಲ್ಲಿ, ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ, ‘ಸೋವಿಯತ್ ಒಕ್ಕೂಟದಲ್ಲಿ ತಯಾರಾದದ್ದು’ ಎಂಬ ಸಾಲಿದೆ.

ಇದನ್ನು ಮಾಡಿದ ಕಾರ್ಖಾನೆ ಚಿಸ್ತೊಪೊಲ್ ಎಂಬ ಊರಿನದು. ತಾತಾರ್‌ಸ್ತಾನದಲ್ಲಿ, ಕಾಮಾ ನದಿಯ ದಂಡೆಯ ಮೇಲಿದೆ. 1941ರಲ್ಲಿ ಜರ್ಮನ್ ಸೈನ್ಯ ಮಾಸ್ಕೋ ಹತ್ತಿರ ಬಂದಾಗ ಅಲ್ಲಿನ ಎರಡನೇ ವಾಚ್ ಕಾರ್ಖಾನೆಯ ಯಂತ್ರಗಳನ್ನೂ ಕೆಲಸಗಾರರನ್ನೂ ಇಲ್ಲಿಗೆ ಸಾಗಿಸಿದರು. ಸೈನ್ಯಕ್ಕಾಗಿ ‘ಕೊಮಾಂದಿರ್ಸ್ಕಿಯೆ’ ವಾಚು ಬಂದದ್ದು 1965ರಲ್ಲಿ. ನೀರಿಗಿಳಿಯುವವರಿಗೆ ಆಂಫಿಬಿಯಾ ಬಂದದ್ದು 1967ರಲ್ಲಿ. ಮಿಖಾಯಿಲ್ ನೋವಿಕೋವ್ ಮತ್ತು ವೆರಾ ಬೆಲೋವಾ ಎಂಬ ಇಬ್ಬರು ಇದರ ವಿನ್ಯಾಸಕರು. ಆಗ ಅವರಿಗೆ ಸಿಕ್ಕ ಕೆಲಸ ಕಷ್ಟದ್ದು, 200 ಮೀಟರ್ ಆಳದಲ್ಲೂ ನೀರು ಒಳಗೆ ಹೋಗಬಾರದು.

ಅವರು ಅದನ್ನು ಮಾಡಿದ ರೀತಿ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಗ್ಲಾಸು ದಪ್ಪನೆಯ ಅಕ್ರಿಲಿಕ್. ಆಳಕ್ಕೆ ಹೋದಂತೆ ನೀರು ಅದನ್ನು ಒತ್ತುತ್ತದೆ, ಅದು ಸ್ವಲ್ಪ ಬಾಗಿ ಕೇಸಿಗೆ ಇನ್ನೂ ಬಿಗಿಯಾಗಿ ಕೂರುತ್ತದೆ. ಹಿಂದಿನ ಮುಚ್ಚಳವೂ ಹಾಗೇ, ಒತ್ತಡ ಹೆಚ್ಚಿದಷ್ಟೂ ಅಗಲವಾದ ರಬ್ಬರ್ ವಾಷರನ್ನು ಅದುಮಿ ಹಿಡಿಯುತ್ತದೆ. ಮುಚ್ಚಳಕ್ಕೆ ತಿರುಪು ಇಲ್ಲ. ಅದನ್ನು ಹಿಡಿದಿಡುವುದು ಬೇರೆಯೇ ಒಂದು ತಿರುಪಿನ ಬಳೆ. ಹೀಗಾಗಿ ಬಿಗಿ ಮಾಡುವಾಗ ವಾಷರ್ ತಿರುಚಿಕೊಳ್ಳುವುದಿಲ್ಲ. ನೀರಿನ ವಿರುದ್ಧ ಸೆಣಸುವ ಬದಲು ನೀರಿನ ಬಲವನ್ನೇ ಕೆಲಸಕ್ಕೆ ಹಚ್ಚಿದ್ದಾರೆ.

ಕೀ, ಅಂದರೆ ಪಕ್ಕದಲ್ಲಿ ತಿರುಗಿಸುವ ಗುಂಡಿ, ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೊಸದಾಗಿ ಕೊಂಡವರೆಲ್ಲ ಗಾಬರಿಯಾಗುವುದು ಇಲ್ಲೇ. ತಿರುಪು ಬಿಚ್ಚಿದ ಕೂಡಲೇ ಕೀ ಜೋತು ಬೀಳುತ್ತದೆ. ಬೆರಳಲ್ಲಿ ಮುಟ್ಟಿದರೆ ಆ ಕಡೆ ಈ ಕಡೆ ಅಲ್ಲಾಡುತ್ತದೆ, ಇನ್ನೇನು ಕಳಚಿ ಬಿತ್ತು ಅನ್ನಿಸುತ್ತದೆ. ಮೊದಲ ಸಲ ಸರ್ವಿಸಿಗೆ ಕೊಟ್ಟಾಗ ಉಡುಪಿಯ ನಮ್ಮ ರಿಪೇರಿ ಅಂಗಡಿಯ ಹಿರಿಯರೂ, “ಎಂಥ ಮಾರಾಯ್ರೆ, ಕೀ ಲೂಸ್ ಉಂಟಲ್ಲ” ಎಂದು ನನ್ನ ಮುಖ ನೋಡಿದ್ದರು. ಅದು ಲೂಸಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಕೀಗೂ ಒಳಗಿನ ಸ್ಟೆಮ್‌ಗೂ (ಮಷಿನಿಗೆ ಹೋಗುವ ಕಡ್ಡಿ) ನಡುವೆ ಒಂದು ಕ್ಲಚ್ ಇದೆ. ಹೊರಗಿನಿಂದ ಪೆಟ್ಟು ಬಿದ್ದರೆ ಸ್ಟೆಮ್ ಬಾಗುವುದಿಲ್ಲ. ಕೀ ಕೊಡಬೇಕಾದರೆ ತಿರುಪು ಬಿಚ್ಚಿ, ಒಂಚೂರೇ ಹೊರಗೆ ಎಳೆದು ಹಿಡಿದು ತಿರುಗಿಸಬೇಕು. ಸುಮ್ನೆ ತಿರುಗಿಸಿದರೆ ಏನೂ ಹಿಡಿಯುವುದಿಲ್ಲ. ವಾಪಸ್ ಹಾಕುವಾಗ ಒಳಗೆ ಒತ್ತಿ ಮೊದಲು ಹಿಂದಕ್ಕೆ ತಿರುಗಿಸಿ. ತಿರುಪಿನ ಎಳೆ ಕೂತದ್ದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಮುಂದಕ್ಕೆ ತಿರುಗಿಸಿ. ಅವಸರದಲ್ಲಿ ಎಳೆ ಅಡ್ಡ ಹಿಡಿದರೆ ಕೇಸೇ ಹಾಳು.

ಒಳಗಿನ ಮಷಿನ್ 2416ಬಿ. 31 ಜ್ಯುವೆಲ್ (ಸವೆತ ತಡೆಯುವ ಪುಟ್ಟ ಕಲ್ಲುಗಳು), ಗಂಟೆಗೆ 19,800 ಬಡಿತ. ಕೈ ಅಲ್ಲಾಡಿದಾಗ ತಿರುಗುವ ಭಾರದ ತುಂಡು ರೋಟರ್, ಅದು ಯಾವ ಕಡೆ ತಿರುಗಿದರೂ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ರಾತ್ರಿ ನಿಶ್ಶಬ್ದದಲ್ಲಿ ಕೈ ಅಲ್ಲಾಡಿಸಿದರೆ ರೋಟರ್ ಓಡುವ ಸದ್ದು ಕೇಳುತ್ತದೆ. ನನಗೆ ಅದು ಇಷ್ಟ. ಪೂರ್ತಿ ಸುತ್ತಿದರೆ 31 ಗಂಟೆ ಓಡುತ್ತದೆ ಎಂಬುದು ಕಾರ್ಖಾನೆಯ ಲೆಕ್ಕ. ಅಂದರೆ ಶನಿವಾರ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆ ನಿಂತಿರುತ್ತದೆ. ಆಗ ಕೀ ಹತ್ತಾರು ಸುತ್ತು ಕೊಟ್ಟು ಕಟ್ಟಿಕೊಂಡರೆ ಸಾಕು, ಉಳಿದದ್ದನ್ನು ಕೈಯೇ ನೋಡಿಕೊಳ್ಳುತ್ತದೆ. ದಿನಾ ಕೀ ಕೊಡುವ ಅಭ್ಯಾಸ ಬೇಡ. ಹಳೇ ಮಷಿನ್, ಹಲ್ಲುಗಳು ಸವೆಯುತ್ತವೆ.

ಟೈಮು ಎಷ್ಟು ಸರಿ ತೋರಿಸುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ದಿನಕ್ಕೆ 20 ಸೆಕೆಂಡ್ ಹಿಂದೆಯಿಂದ 60 ಸೆಕೆಂಡ್ ಮುಂದೆವರೆಗೆ ಇದ್ದರೆ ಸರಿ ಎಂದು ಕಾರ್ಖಾನೆಯೇ ಹೇಳುತ್ತದೆ. ನನ್ನದು ಸರ್ವಿಸ್ ಆದ ಮೇಲೆ ದಿನಕ್ಕೆ ಸುಮಾರು ಕಾಲು ನಿಮಿಷ ಮುಂದೆ ಓಡುತ್ತದೆ. ವಾರಕ್ಕೊಮ್ಮೆ ಸರಿಮಾಡಿಕೊಂಡರೆ ಆಯ್ತು. ರೈಲು ಹಿಡಿಯಲು ಯಾವ ತೊಂದರೆಯೂ ಆಗಿಲ್ಲ.

ತಾರೀಕು ಬದಲಿಸುವುದೊಂದು ತಾಳ್ಮೆಯ ಕೆಲಸ. ನೇರ ತಾರೀಕು ತಿರುಗಿಸುವ ಸೌಲಭ್ಯ ಇದರಲ್ಲಿಲ್ಲ. ಮುಳ್ಳನ್ನು ರಾತ್ರಿ ಹನ್ನೆರಡು ದಾಟಿಸಿ, ಮತ್ತೆ ಎಂಟು ಗಂಟೆಗೆ ಹಿಂದೆ ತಂದು, ಮತ್ತೆ ಮುಂದೆ ದಾಟಿಸಬೇಕು. ಒಂದು ಸಲಕ್ಕೆ ಒಂದೇ ದಿನ. ವಾರಗಟ್ಟಲೆ ಡ್ರಾಯರಿನಲ್ಲಿದ್ದ ವಾಚಿಗೆ ಇದನ್ನು ಮಾಡುತ್ತಾ ಕೂತರೆ ಒಂದು ಲೋಟ ಕಾಫಿ ಮುಗಿಯುತ್ತದೆ.

ಇನ್ನು ಕರಾವಳಿಯಲ್ಲಿ ಇದು ಹೇಗೆ ಬಾಳಿತು? ಕೇಸು ಸ್ಟೀಲ್, ಅದಕ್ಕೆ ಏನೂ ಆಗಿಲ್ಲ. ಬೆಜೆಲ್ ಮಾತ್ರ ಹಿತ್ತಾಳೆ, ಮೇಲೆ ಕ್ರೋಮ್ ಲೇಪ. ಬೆವರು, ಉಪ್ಪುಗಾಳಿ ಎರಡೂ ಸೇರಿ ಅದನ್ನು ತಿಂದುಹಾಕಿದವು. ಮೊದಲು ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಉಗುರು ತಾಗಿಸಿದಾಗ ಕ್ರೋಮ್ ಸಿಪ್ಪೆಯಂತೆ ಎದ್ದು ಬಂತು, ಕೆಳಗೆ ಹಳದಿ ಲೋಹ, ಸುತ್ತ ಹಸಿರು ಕಿಲುಬು. ಈಗ ದಿನಾ ಹಾಕಲು ಹೊಸ ಸ್ಟೀಲ್ ಬೆಜೆಲ್ ಹಾಕಿಸಿದ್ದೇನೆ. ಹಳೆಯದನ್ನು ಒರೆಸಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ. ನೀವೂ ಎಸೆಯಬೇಡಿ, ಮುಂದೆ ವಾಚು ಮಾರುವುದಾದರೆ ಕೊಳ್ಳುವವರು ಅದನ್ನು ಕೇಳುತ್ತಾರೆ.

ಗ್ಲಾಸಿಗೆ ಗೀರು ಬೀಳುತ್ತದೆ, ಬೇಗನೇ ಬೀಳುತ್ತದೆ. ಆದರೆ ಅಕ್ರಿಲಿಕ್ ಆದ್ದರಿಂದ ಪಾಲಿಶ್ ಪೇಸ್ಟ್ ಹಾಕಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ. ಇದರ ಜೊತೆ ಬರುವ ಚೈನು ಕೈಕೂದಲು ಕೀಳುತ್ತದೆ, ಮೊದಲ ದಿನವೇ ತೆಗೆದುಬಿಡಿ. ಬೆಲ್ಟಿನ ಅಗಲ 18 ಮಿಲಿಮೀಟರ್. ಮಳೆಗಾಲಕ್ಕೆ ನೈಲಾನ್ ಬೆಲ್ಟ್ ಒಳ್ಳೆಯದು. ರಾತ್ರಿ ಹೊಳೆಯುವ ಬಣ್ಣ ಈಗ ಸತ್ತುಹೋಗಿದೆ. ಹೊಸದಾಗಿ ಹಚ್ಚಿಸಲು ನನಗೆ ಮನಸ್ಸಿಲ್ಲ.

200 ಮೀಟರ್ ಎಂದು ಬರೆದಿದೆ ಅಂತ ನಂಬಿ ಹಳೇ ವಾಚು ಕಟ್ಟಿಕೊಂಡು ಸಮುದ್ರಕ್ಕೆ ಇಳಿಯಬೇಡಿ. ಅಷ್ಟು ವರ್ಷದ ರಬ್ಬರ್ ಗಟ್ಟಿಯಾಗಿ ಬಿರಿದಿರುತ್ತದೆ. ನಾನು ವಾಷರ್ ಬದಲಿಸಿದ ಮೇಲೇ ಮಲ್ಪೆಯಲ್ಲಿ ನೀರಿಗೆ ಇಳಿದದ್ದು. ಒಳಗೆ ತೇವ ಇದೆಯೇ ಅಂತ ನೋಡಲು ಒಂದು ಸುಲಭ ದಾರಿ ಇದೆ. ವಾಚನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಮುಚ್ಚಿಟ್ಟು ಬೆಚ್ಚಗೆ ಮಾಡಿ, ಗ್ಲಾಸಿನ ಮೇಲೆ ಒಂದು ಹನಿ ತಣ್ಣೀರು ಇಡಿ. ಒಳಗಡೆ ಮಂಜು ಕಟ್ಟಿದರೆ ತೇವ ಇದೆ ಎಂದರ್ಥ, ತಕ್ಷಣ ಬಿಚ್ಚಿಸಿ. ಸಮುದ್ರದಿಂದ ಬಂದರೆ ಸಿಹಿನೀರಲ್ಲಿ ತೊಳೆಯುವುದು ಕಡ್ಡಾಯ.

ಮತ್ತೆ ಡಯಲಿಗೆ ಬರೋಣ. ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ನೋಡಿದರೆ ಸಬ್‌ಮರೀನಿನ ಗೆರೆಗಳು ಚೂಪಾಗಿವೆ, ಬಣ್ಣ ಡಯಲಿಗಿಂತ ಕೂದಲೆಳೆಯಷ್ಟು ಎದ್ದು ನಿಂತಿದೆ. ಕೆಂಪು ನಕ್ಷತ್ರದ ಒಂದು ಮೊನೆಯಲ್ಲಿ ಬಣ್ಣ ಚೂರು ಹೊರಚಾಚಿದೆ. ಪ್ರಿಂಟ್ ಮಾಡಿದ ದಿನವೇ ಆದದ್ದು ಅದು. ಇನ್ನು ಒಂದು ಕಡೆ ಬಣ್ಣ ಮಾಸಿದೆ. ರಿಪೇರಿಯವರು “ಡಯಲ್ ಹೊಸತು ಮಾಡಿಸುವನಾ?” ಅಂದರು. ನಮ್ಮಲ್ಲಿ ಹಳೇ ಎಚ್‌ಎಂಟಿಗಳಿಗೆ ಹಾಗೆ ಮಾಡಿಸುವ ರೂಢಿ ಬೇಕಾದಷ್ಟಿದೆ. ಬೇಡ ಎಂದೆ. ಮಾಸಿದ ಮೂಲ ಡಯಲ್ ಮುಂದೆ ಹೊಳೆಯುವ ಹೊಸ ಬಣ್ಣಕ್ಕೆ ಯಾವ ಬೆಲೆಯೂ ಇಲ್ಲ. ಸರ್ವಿಸಿಗೆ ಕೊಡುವಾಗಲೆಲ್ಲ ಡಯಲ್ ಒರೆಸಬೇಡಿ, ಮುಳ್ಳಿನ ಬಣ್ಣ ಕೆರೆಯಬೇಡಿ ಎಂದು ಚೀಟಿ ಬರೆದುಕೊಡುತ್ತೇನೆ.

ಮಷಿನ್ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ. 2416ಬಿ ಮಷಿನನ್ನು ಸೋವಿಯತ್ ಒಕ್ಕೂಟ ಒಡೆದ ಮೇಲೂ ಚಿಸ್ತೊಪೊಲ್‌ನಲ್ಲಿ ಮಾಡುತ್ತಲೇ ಬಂದಿದ್ದಾರೆ. ಬಿಡಿಭಾಗ ಸಿಗುತ್ತದೆ, ಇಡೀ ಮಷಿನ್ ಬೇಕಾದರೂ ಸಿಗುತ್ತದೆ. ಹಾಗಾಗಿಯೇ ಈ ವಾಚನ್ನು ಕಪಾಟಿನಲ್ಲಿಟ್ಟು ಪೂಜೆ ಮಾಡದೆ ಧೈರ್ಯವಾಗಿ ಕಟ್ಟಿಕೊಳ್ಳಬಹುದು. ಹಳೇ ವಾಚುಗಳಲ್ಲಿ ಇಂಥ ಅನುಕೂಲ ಅಪರೂಪ, ಅಲ್ವಾ?

ಕೊಳ್ಳುವವರಿಗೆ ಎರಡು ಎಚ್ಚರಿಕೆ. ‘ರಕ್ಷಣಾ ಇಲಾಖೆಯ ಆರ್ಡರ್’ ಎಂದು ಬರೆದಿದೆ ಅಂದ ಮಾತ್ರಕ್ಕೆ ಅದು ಯಾವುದೋ ಸೈನಿಕನ ಕೈಯಲ್ಲಿತ್ತು ಅಂತಲ್ಲ. ಇಂಥವು ಸೈನಿಕರ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು, ಕೊನೆಯ ವರ್ಷಗಳಲ್ಲಿ ಹೊರದೇಶಕ್ಕೂ ಹೋದವು. ಮಾರುವವರು ಕಟ್ಟುವ ಯುದ್ಧದ ಕಥೆಗೆ ದುಡ್ಡು ಕೊಡಬೇಡಿ. ಎರಡನೆಯದು, ನಾಲ್ಕು ವಾಚಿನ ಭಾಗ ಸೇರಿಸಿ ಒಂದು ಮಾಡಿ ಮಾರುವುದು ತುಂಬಾ ಇದೆ. ಗುಪ್ತಚರ ಸಂಸ್ಥೆ ಕೆಜಿಬಿಯ ದೊಡ್ಡ ಗುರಾಣಿ ಲಾಂಛನ ಇರುವವು ಹೆಚ್ಚಿನವು ಒಕ್ಕೂಟ ಒಡೆದ ಮೇಲೆ ಪ್ರವಾಸಿಗಳಿಗಾಗಿ ಮಾಡಿದ ನೆನಪಿನ ಸಾಮಾನು. ನಾನು ನೋಡಿದ ಒಂದು ವಾಚಿನಲ್ಲಿ ಮೇಲೆ ಸೋವಿಯತ್ ರಕ್ಷಣಾ ಇಲಾಖೆ, ಕೆಳಗೆ ‘ರಷ್ಯಾದಲ್ಲಿ ತಯಾರಾದದ್ದು’ ಎಂದಿತ್ತು. ಮಾರುವವನು ಅದನ್ನು ಸೋವಿಯತ್ ಕಾಲದ್ದೇ ಎಂದು ವಾದಿಸುತ್ತಿದ್ದ. ಕಾರ್ಖಾನೆಯ ಹಳೇ ಕ್ಯಾಟಲಾಗುಗಳ ಸ್ಕ್ಯಾನ್ ಇಂಟರ್ನೆಟ್ಟಿನಲ್ಲಿವೆ. ಡಯಲ್, ಮುಳ್ಳು, ಕೇಸು, ಬೆಜೆಲ್ ಒಂದೊಂದನ್ನೂ ಚಿತ್ರದ ಜೊತೆ ಹೋಲಿಸಿ ನೋಡಿ. ಡಯಲಿನ ಹತ್ತಿರದ ಫೋಟೋ, ಮುಚ್ಚಳ ಬಿಚ್ಚಿದ ಫೋಟೋ ಎರಡನ್ನೂ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ, ಇನ್ನೊಂದು ಬರುತ್ತದೆ.

ನಾನು ಕೊಂಡದ್ದು 2022ಕ್ಕೆ ಮೊದಲು. ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ಕಡೆಯವರಿಗೆ ದುಡ್ಡು ಕಳಿಸುವುದೂ ಪಾರ್ಸೆಲ್ ತರಿಸುವುದೂ ಕಷ್ಟವಾಗಿದೆ. ಹಾಗಾಗಿ ಯಾರಿಂದ ಕೊಂಡರೂ ಅದೇ ಪಾರ್ಸೆಲ್ಲಿನಲ್ಲಿ ಒಂದು ಗ್ಲಾಸು, ಎರಡು ರಬ್ಬರ್ ವಾಷರ್, ಒಂದು ಕೀ ಹಾಕಿಸಿಕೊಳ್ಳಿ. ವಾಷರನ್ನು ಬಿಸಿಲು ಬೀಳದ ಕಡೆ ಇಡಿ, ಮತ್ತು ಸರ್ವಿಸಿಗೆ ಹೋಗುವಾಗ ನೀವೇ ತೆಗೆದುಕೊಂಡು ಹೋಗಿ. ಈ ಅಳತೆಯದ್ದು ನಮ್ಮ ಅಂಗಡಿಗಳಲ್ಲಿ ಸಿಗುವುದಿಲ್ಲ.