ಆಲ್-ಸ್ಟೇಟ್ ಆಡಿಷನ್ನೋ, ಸೋಲೋ ಸ್ಪರ್ಧೆಯೋ?

ಟೆಕ್ಸಸ್‌ನ ಹೈಸ್ಕೂಲ್ ಕಾಯಿರ್‌ನಲ್ಲಿ (ವೃಂದಗಾನ ತಂಡದಲ್ಲಿ) ಹಾಡುತ್ತಿದ್ದರೆ ಈ ಎರಡರ ನಡುವೆ ಗೊಂದಲ ಸಹಜ.

ಟೆಕ್ಸಸ್ ಸಂಗೀತ ಶಿಕ್ಷಕರ ಸಂಘವಾದ ಟಿಎಂಇಎ, ರಾಜ್ಯಮಟ್ಟದ ಕಾಯಿರ್‌ಗೆ ಹಾಡುಗಾರರನ್ನು ಆರಿಸಲು ನಡೆಸುವ ಆಲ್-ಸ್ಟೇಟ್ ಆಡಿಷನ್‌ನಲ್ಲಿ ಪೈಪೋಟಿ ಜಾಸ್ತಿ. ಎಲ್ಲರೂ ಹಾಡುವುದು ಅವೇ ಹಾಡುಗಳ ಆಯ್ದ ಭಾಗಗಳನ್ನು. ಆಲ್ಟೋಗಳಿಗೆ (ಹೆಣ್ಣು ದನಿಯ ಕೆಳಸ್ಥಾಯಿಯಲ್ಲಿ ಹಾಡುವವರಿಗೆ) ಆಲ್ಟೋಗಳೇ ಎದುರಾಳಿಗಳು. ತೀರ್ಪುಗಾರರಿಗೆ ನಿಮ್ಮ ಮುಖ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಇದು ನನಗೆ ತುಂಬಾ ಇಷ್ಟ. ಕಷ್ಟವಿರುವುದು ಸೈಟ್ ರೀಡಿಂಗ್‌ನಲ್ಲಿ: ಹಿಂದೆಂದೂ ನೋಡದ ಸಾಲನ್ನು ಸ್ವಲ್ಪ ಹೊತ್ತು ನೋಡಿ, ಪಿಯಾನೋ ನೆರವಿಲ್ಲದೆ ಹಾಡಬೇಕು. ಚೆನ್ನಾಗಿ ಹಾಡುವವರೂ ಇಲ್ಲೇ ಅಂಕ ಕಳೆದುಕೊಳ್ಳುತ್ತಾರೆ. ರೀಜನ್, ಏರಿಯಾ ಹಂತಗಳನ್ನು ದಾಟಿದವರು ಫೆಬ್ರವರಿಯಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಒಟ್ಟಾಗಿ ಹಾಡುತ್ತಾರೆ.

ಟೆಕ್ಸಸ್‌ನ ಶಾಲಾ ಸ್ಪರ್ಧೆಗಳನ್ನು ನಡೆಸುವ ಯುಐಎಲ್ ಸಂಸ್ಥೆಯ ಸೋಲೋದಲ್ಲಿ ರ‍್ಯಾಂಕ್ ಇಲ್ಲ. ನಿಗದಿತ ಪಟ್ಟಿಯಿಂದ ನಿಮ್ಮ ದನಿಗೆ ಹೊಂದುವ ಹಾಡನ್ನು ಆರಿಸಿಕೊಂಡು ತೀರ್ಪುಗಾರರ ಎದುರೇ ಹಾಡುತ್ತೀರಿ. ಅವರು 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ, 1 ಅತ್ಯುತ್ತಮ. ಜೊತೆಗೆ ಬರಹದಲ್ಲಿ ಸಲಹೆಯೂ ಸಿಗುತ್ತದೆ. ಪಟ್ಟಿಯ ಅತಿ ಕಷ್ಟದ ವರ್ಗವಾದ ಕ್ಲಾಸ್ 1ರ ಹಾಡನ್ನು ಬಾಯಿಪಾಠವಾಗಿ ಹಾಡಿ 1ರ ದರ್ಜೆ ಪಡೆದರೆ ರಾಜ್ಯಮಟ್ಟಕ್ಕೆ ಅರ್ಹತೆ.

ಮೊದಲ ವರ್ಷದವರು, ಒಂಟಿಯಾಗಿ ಹಾಡಲು ಅಂಜುವವರು ಪೈಪೋಟಿಯಿಲ್ಲದ ಸೋಲೋದಿಂದ ಶುರು ಮಾಡುವುದು ಒಳ್ಳೆಯದು. ಕಾಯಿರ್‌ನ ತುಂಬು ದನಿಯೇ ಬೇಕು ಅನ್ನುವವರು ಆಲ್-ಸ್ಟೇಟ್‌ಗೇ ಹೋಗಿ. ಆದರೆ ಸೈಟ್ ರೀಡಿಂಗ್ ಅಭ್ಯಾಸವನ್ನು ಬೇಸಿಗೆ ರಜೆಯಲ್ಲೇ ಶುರು ಮಾಡಿ.