ಹೀಟರ್ ತಣ್ಣನೆಯ ಗಾಳಿ ಊದಿದಾಗ: ತೊಳೆಯುವುದೋ, ಬದಲಿಸುವುದೋ?

ಅಮೆರಿಕದ ಮಿನಿಯಾಪೊಲಿಸ್‌ನ ಚಳಿಗಾಲದಲ್ಲಿ ಕಾರಿನ ಹೀಟರನ್ನು ಐಷಾರಾಮದ ಪಟ್ಟಿಗೆ ಸೇರಿಸಲಾಗದು. ಜನವರಿಯ ಬೆಳಗುಗಳಲ್ಲಿ ಉಷ್ಣತೆ ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಇಲ್ಲಿ ಅಪರೂಪವೇನಲ್ಲ. ಬಿಸಿಗಾಳಿ ಬಾರದಿದ್ದರೆ ಒಳಗೆ ಕುಳಿತವರ ಉಸಿರೇ ಮುಂಗಾಜಿನ ಒಳಮೈಯಲ್ಲಿ ಹೆಪ್ಪುಗಟ್ಟಿ ರಸ್ತೆ ಕಾಣದಂತಾಗುತ್ತದೆ. ನನ್ನ ಹಳೆಯ ಪೆಟ್ರೋಲ್ ಸೆಡಾನಿನಲ್ಲಿ ಬ್ಲೋವರ್ ಜೋರಾಗಿ ತಿರುಗುತ್ತಿದ್ದರೂ ಬರುತ್ತಿದ್ದುದು ತಣ್ಣನೆಯ ಗಾಳಿ. ಅದನ್ನು ಸರಿಪಡಿಸಲು ನೀರಿನಿಂದ ತೊಳೆಯುವುದು, ರಾಸಾಯನಿಕದಿಂದ ತೊಳೆಯುವುದು, ಹೀಟರ್ ಕೋರನ್ನೇ ಬದಲಿಸುವುದು, ಈ ಮೂರನ್ನೂ ಒಂದೇ ಕಾರಿನಲ್ಲಿ ಪ್ರಯೋಗಿಸಿ ನೋಡಿದ್ದರಿಂದ ಅವುಗಳನ್ನು ಹೋಲಿಸಿ ಬರೆಯುತ್ತಿದ್ದೇನೆ.

ಎಂಜಿನ್ನಿನ ಶಾಖವನ್ನು ಹೊತ್ತು ತರುವ ಕೂಲಂಟ್ ಎಂಬ ದ್ರವ, ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರಿನ ಮೂಲಕ ಹರಿಯುತ್ತದೆ. ಅದರ ಮೇಲಿಂದ ಹಾಯ್ದ ಗಾಳಿಯೇ ನಮ್ಮನ್ನು ಬೆಚ್ಚಗಿಡುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಕೋರಿಗೆ ಹೋಗುವ ಮತ್ತು ಅಲ್ಲಿಂದ ಮರಳುವ ಎರಡು ರಬ್ಬರ್ ಹೋಸುಗಳನ್ನು. ಎಂಜಿನ್ ಚೆನ್ನಾಗಿ ಕಾದ ಮೇಲೆ ಎರಡೂ ಬಿಸಿಯಾಗಿದ್ದರೆ, ಬಿಸಿಗಾಳಿ ತಣ್ಣನೆಗಾಳಿಗಳನ್ನು ಬೆರೆಸುವ ಬ್ಲೆಂಡ್ ಡೋರಿನಲ್ಲೋ ಅದನ್ನು ಆಡಿಸುವ ಮೋಟಾರಿನಲ್ಲೋ ದೋಷವಿರುತ್ತದೆ. ಎರಡೂ ಉಗುರುಬೆಚ್ಚಗಿದ್ದು ಉಷ್ಣತಾ ಸೂಚಕದ ಮುಳ್ಳೂ ಮೇಲೇರದಿದ್ದರೆ ಕೂಲಂಟಿನ ಹರಿವನ್ನು ನಿಯಂತ್ರಿಸುವ ಕವಾಟವಾದ ಥರ್ಮೋಸ್ಟಾಟ್ ತೆರೆದೇ ನಿಂತುಬಿಟ್ಟಿದೆ ಎಂದು ಶಂಕಿಸಬೇಕು. ಎಂಜಿನ್ ನಿಂತಲ್ಲೇ ತಿರುಗುವಾಗ ತಣ್ಣಗೆ, ವೇಗ ಹೆಚ್ಚಿದಾಗ ಬಿಸಿ ಎಂದಾದರೆ ಸಾಮಾನ್ಯವಾಗಿ ಕೂಲಂಟ್ ಕಡಿಮೆಯಾಗಿರುತ್ತದೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ನನ್ನ ಕಾರಿನಲ್ಲಿ ಮುಳ್ಳು ಸರಿಯಾದ ಸ್ಥಾನದಲ್ಲಿತ್ತು, ಕೂಲಂಟ್ ತುಂಬಿತ್ತು; ಒಳಹೋಗುವ ಹೋಸು ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ಹೊರಬರುವುದು ತಣ್ಣಗಿತ್ತು. ಕೋರ್ ಕಟ್ಟಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕುರುಹು ಬೇಕಿಲ್ಲ.

ನೀರಿನಿಂದ ತೊಳೆಯುವುದಕ್ಕೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ತಣ್ಣಗಾದ ಎಂಜಿನ್ನಿನಲ್ಲಿ ಎರಡೂ ಹೋಸುಗಳನ್ನು ಬಿಚ್ಚಿ, ಕೂಲಂಟ್ ಎಂದಿನಂತೆ ಹರಿಯುವ ದಿಕ್ಕಿಗೆ ವಿರುದ್ಧವಾಗಿ, ಅಂದರೆ ಹೊರಬರುವ ನಳಿಕೆಯಿಂದ, ನೀರು ಹಾಯಿಸಬೇಕು. ಒತ್ತಡದ ಬಗ್ಗೆ ಮಾತ್ರ ಎಚ್ಚರ ಬೇಕು: ಕೂಲಂಟ್ ವ್ಯವಸ್ಥೆ ಸಾಮಾನ್ಯವಾಗಿ ಚದರ ಅಂಗುಲಕ್ಕೆ 15 ಪೌಂಡಿನ ಆಸುಪಾಸಿನ ಒತ್ತಡದಲ್ಲಿ ಕೆಲಸ ಮಾಡುತ್ತದೆ, ಮನೆಯ ನಲ್ಲಿಯ ಒತ್ತಡ ಅದರ ಮೂರು ನಾಲ್ಕು ಪಟ್ಟು ಇರಬಹುದು. ಚಳಿಗಾಲದಲ್ಲಿ ಇಲ್ಲಿ ಮನೆಯ ಹೊರಗಿನ ನಲ್ಲಿಗಳನ್ನು ಹೆಪ್ಪುಗಟ್ಟದಂತೆ ಮುಚ್ಚಿಡುವುದರಿಂದ, ನಾನು ನೆಲಮಾಳಿಗೆಯಿಂದ ಬಕೆಟ್ಟಿನಲ್ಲಿ ನೀರು ತಂದು ಸಣ್ಣ ಪಂಪಿನಿಂದ ನಿಧಾನವಾಗಿ ಹಾಯಿಸಿದೆ. ಮೊದಲು ಬಂದದ್ದು ಕಾಫಿ ಚರಟದಂಥ ಕಂದು ಕೆಸರು. ಕೊನೆಯ ಸುತ್ತಿಗೆ ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕು, ಏಕೆಂದರೆ ನಲ್ಲಿ ನೀರಿನ ಖನಿಜಗಳು ಮತ್ತೆ ಅದೇ ಕಿಟ್ಟವನ್ನು ಕಟ್ಟುತ್ತವೆ. ಒಳಗುಳಿದ ನೀರು ಕೂಲಂಟನ್ನು ತೆಳುವಾಗಿಸುವುದನ್ನೂ ಮರೆಯುವಂತಿಲ್ಲ: ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಪಾಲಿನಲ್ಲಿದ್ದರೆ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ, ನೀರಿನ ಪಾಲು ಹೆಚ್ಚಿದಂತೆ ಈ ರಕ್ಷಣೆ ಬೇಗನೆ ಕುಗ್ಗುತ್ತದೆ. ಅಡುಗೆಯ ಥರ್ಮಾಮೀಟರನ್ನು ನಡುವಿನ ಗಾಳಿಕಿಂಡಿಗೆ ಸಿಕ್ಕಿಸಿ ನೋಡಿದಾಗ ಗಾಳಿ 40 ಡಿಗ್ರಿಯನ್ನು ದಾಟಿತು. ಆ ಚಳಿಗಾಲಕ್ಕೆ ಅಷ್ಟು ಸಾಕಾಯಿತು. ಮುಂದಿನ ಚಳಿಗಾಲದ ಹೊತ್ತಿಗೆ ಶಾಖ ಮತ್ತೆ ಇಳಿಯತೊಡಗಿತ್ತು.

ಎರಡನೆಯ ಸಲ ಬಿಡಿಭಾಗದ ಅಂಗಡಿಯಲ್ಲಿ ಸಿಗುವ, ಕಿಟ್ಟ ಕರಗಿಸುವ ರಾಸಾಯನಿಕವಾದ ಫ್ಲಶ್ ದ್ರವವನ್ನು ತಂದೆ. ಇದನ್ನು ಇಡೀ ವ್ಯವಸ್ಥೆಗೆ ಸುರಿದು ಕಾರು ಓಡಿಸುವ ಪದ್ಧತಿ ಇದೆಯಾದರೂ ನನಗದು ಒಪ್ಪಿಗೆಯಾಗಲಿಲ್ಲ. ಎಂಜಿನ್ನಿನೊಳಗೆ ಕರಗಿ ಸಡಿಲಗೊಂಡ ಕಸವೆಲ್ಲ ಬಂದು ಸೇರುವುದು ಕೋರಿನ ಸಣ್ಣ ನಳಿಕೆಗಳಿಗೇ. ಆದ್ದರಿಂದ ಕೋರಿಗೆ ಮಾತ್ರ ತುಂಬಿಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ನೆನೆಯಲು ಬಿಟ್ಟು, ದ್ರವದ ವಾಸನೆ ಹೋಗುವವರೆಗೆ ತೊಳೆದೆ. ಫಲಿತಾಂಶ ನೀರಿಗಿಂತ ನಿಸ್ಸಂದೇಹವಾಗಿ ಮೇಲು: ಗಾಳಿ 50 ಡಿಗ್ರಿ ಮುಟ್ಟಿತು. ಆದರೆ ಕೆಲವು ವಾರಗಳಲ್ಲೇ ಕಾರಿನೊಳಗೆ ಸಿಹಿ ವಾಸನೆ, ಮುಂಗಾಜಿನ ಮೇಲೆ ಜಿಡ್ಡಿನ ಪೊರೆ, ಪಕ್ಕದ ಸೀಟಿನ ಕೆಳಗೆ ಒದ್ದೆಯಾದ ಕಾರ್ಪೆಟ್ಟು ಕಾಣಿಸಿಕೊಂಡವು: ಕೋರಿನಿಂದ ಕೂಲಂಟ್ ಸೋರತೊಡಗಿತ್ತು. ರಾಸಾಯನಿಕ ತೂತು ಕೊರೆಯಿತೆಂದು ನಾನು ಹೇಳಲಾರೆ. ಸವೆದ ತೂತುಗಳನ್ನು ಮುಚ್ಚಿಕೊಂಡಿದ್ದ ಕಿಟ್ಟವನ್ನು ಅದು ಕರಗಿಸಿತೆಂಬುದು ನನ್ನ ಅನುಮಾನ. ಸೋರಿಕೆ ತಡೆಯುವ ದ್ರವವನ್ನು ಸುರಿಯುವಂತೆ ಹಲವರು ಸಲಹೆ ಕೊಟ್ಟರು. ತೂತನ್ನು ಮುಚ್ಚುವ ಪದಾರ್ಥ, ಈಗಷ್ಟೇ ತೆರೆದ ಕಿರಿದಾದ ನಳಿಕೆಗಳನ್ನು ಬಿಟ್ಟುಬಿಡುತ್ತದೆ ಎಂದು ನಂಬುವುದು ಹೇಗೆ?

ಕೊನೆಗೆ ಕೋರನ್ನು ಬದಲಿಸಿದ್ದಾಯಿತು. ಬಿಡಿಭಾಗದ ಬೆಲೆ ದೊಡ್ಡದಲ್ಲ, ಆದರೆ ಅನೇಕ ಕಾರುಗಳಂತೆ ನನ್ನದರಲ್ಲೂ ಡ್ಯಾಶ್‌ಬೋರ್ಡನ್ನು ಪೂರ್ತಿ ಕಳಚಬೇಕಾಗಿದ್ದುದರಿಂದ ಕೂಲಿಯೇ ಅದರ ಹಲವು ಪಟ್ಟಾಯಿತು. ಏರ್‌ಬ್ಯಾಗಿನ ತಂತಿಗಳನ್ನು ಮುಟ್ಟುವ ಈ ಕೆಲಸವನ್ನು ಗ್ಯಾರೇಜಿಗೆ ಬಿಡುವುದೇ ವಿವೇಕ. ಈಗ ಗಾಳಿ 60 ಡಿಗ್ರಿಯ ಹತ್ತಿರವಿದೆ. ರಾಸಾಯನಿಕ ಕೊಟ್ಟದ್ದಕ್ಕಿಂತ ಇದು ಹೆಚ್ಚೇನೂ ಅಲ್ಲ ಎನಿಸಬಹುದು, ಆದರೆ ಈ ಶಾಖ ಇಳಿಯುತ್ತಿಲ್ಲ. ಸೋರಿಕೆಯಿಲ್ಲದ ಕೋರಿಗೆ ನಾನು ಇಂದಿಗೂ ನೀರಿನ ತೊಳೆತವನ್ನೇ ಮೊದಲು ಸೂಚಿಸುತ್ತೇನೆ, ಇನ್ನೊಂದೆರಡು ವರ್ಷದಲ್ಲಿ ಮಾರುವ ಕಾರಾದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಕಾರ್ಪೆಟ್ಟು ಒದ್ದೆಯಾಗಿದ್ದರೆ ತೊಳೆಯುವ ಶ್ರಮ ವ್ಯರ್ಥ. ಬದಲಿಸುವುದೇ ಆದಲ್ಲಿ, ಡ್ಯಾಶ್‌ಬೋರ್ಡ್ ಬಿಚ್ಚಿರುವಾಗಲೇ ಬ್ಲೆಂಡ್ ಡೋರಿನ ಮೋಟಾರನ್ನೂ ಪರೀಕ್ಷಿಸಿ, ಹೀಟರಿನ ಎರಡೂ ಹೋಸುಗಳನ್ನು ಕ್ಲ್ಯಾಂಪುಗಳ ಸಮೇತ ಹೊಸದಾಗಿ ಹಾಕುವಂತೆ ಗ್ಯಾರೇಜಿನವರಿಗೆ ಮೊದಲೇ ಹೇಳಿಡಬೇಕು.