ಕಾಂಬೋಡಿಯಾದ ಬೆಳಗಿನ ತಿಂಡಿ: ಬಾಯ್ ಸಾಚ್ ಚ್ರೂಕ್, ಕುಯ್ ತಿಯೊ, ನೊಮ್ ಬಾನ್ ಚೊಕ್, ಯಾವುದು ಮೇಲು?

ಕಾಂಬೋಡಿಯಾಗೆ ಹೊರಟೋರಿಗೆಲ್ಲ ನಾನು ಮೊದಲು ಹೇಳೋದು, ಹೋಟೆಲ್ಲಿನ ಫ್ರೀ ಬ್ರೇಕ್‌ಫಾಸ್ಟ್ ಬಿಟ್ಬಿಡಿ, ಬೆಳಿಗ್ಗೆ ಆರೂವರೆ ಒಳಗೆ ಬೀದಿಗಿಳೀರಿ. ರಾಜಧಾನಿ ನಾಮ್ ಪೆನ್‌ನಲ್ಲಾಗಲಿ ಅಂಗ್ಕೋರ್ ಪಕ್ಕದ ಸಿಯೆಮ್ ರೀಪ್‌ನಲ್ಲಾಗಲಿ ಒಳ್ಳೆ ಊಟ ಇರೋದೇ ಬೆಳಗಿನ ಹೊತ್ತು, ಮಾರ್ಕೆಟ್ ಸುತ್ತಮುತ್ತ, ಫುಟ್‌ಪಾತ್ ಮೇಲಿನ ಪ್ಲಾಸ್ಟಿಕ್ ಸ್ಟೂಲ್‌ಗಳಲ್ಲಿ. ಅಲ್ಲಿ ಮೂರು ತಿಂಡಿಗಳ ಮಧ್ಯೆ ಯಾವುದು ಅಂತ ಎಲ್ಲರಿಗೂ ಗೊಂದಲ ಆಗತ್ತೆ, ನಾನು ಮೂರನ್ನೂ ಬೇರೆ ಬೇರೆ ಕಡೆ ತಿಂದು ನೋಡಿದೀನಿ, ನನ್ನ ಓಟು ನೊಮ್ ಬಾನ್ ಚೊಕ್‌ಗೆ, ಅಂದ್ರೆ ಮೀನಿನ ಸಾರು ಹಾಕಿದ ಅಕ್ಕಿ ಶಾವಿಗೆಗೆ.

ಆದ್ರೆ ಮೊದಲ ದಿನ ಹೋಗ್ತಿರೋರಿಗೆ ಸುಲಭ ಅಂದ್ರೆ ಬಾಯ್ ಸಾಚ್ ಚ್ರೂಕ್. ಹಂದಿ ಮಾಂಸನ ತೆಳ್ಳಗೆ ಕೊಯ್ದು ಬೆಳ್ಳುಳ್ಳಿ, ಸೋಯಾ ಸಾಸ್, ತಾಳೆ ಬೆಲ್ಲದಲ್ಲಿ ನೆನೆಸಿಡ್ತಾರೆ, ಕೆಲವರು ತೆಂಗಿನ ಹಾಲೂ ಹಾಕ್ತಾರೆ, ಆಮೇಲೆ ಸಣ್ಣ ಕೆಂಡದ ಮೇಲೆ ನಿಧಾನಕ್ಕೆ ಸುಡ್ತಾರೆ. ಬೆಲ್ಲ ಇರೋದ್ರಿಂದ ಅಂಚು ಸ್ವಲ್ಪ ಕಪ್ಪಾಗಿ ಅಂಟಂಟಾಗತ್ತೆ, ಆ ಅಂಚೇ ಅದರ ರುಚಿ. ಕೆಳಗೆ ನುಚ್ಚಕ್ಕಿ ಅನ್ನ, ಪಕ್ಕದಲ್ಲಿ ಹುಳಿಗೆ ಹಾಕಿದ ಸೌತೆಕಾಯಿ ಮೂಲಂಗಿ, ಒಂದು ಸಣ್ಣ ಬಟ್ಟಲಲ್ಲಿ ಈರುಳ್ಳಿ ಸೊಪ್ಪು ತೇಲಿಸಿದ ತಿಳಿ ಸಾರು, ಬೇಕಾದ್ರೆ ಮೊಟ್ಟೆ. ಹೊಟ್ಟೆ ತುಂಬತ್ತೆ, ಗಾಬರಿ ಬೀಳೋ ಅಂಥ ವಾಸನೆ ಏನೂ ಇಲ್ಲ, ಖಾರ ಬೇಕಂದ್ರೆ ಮೇಜಿನ ಮೇಲಿನ ಡಬ್ಬಿಯಿಂದ ನೀವೇ ಹಾಕ್ಕೋಬೇಕು. ಒಂದೇ ತೊಂದರೆ, ಸಿಹಿ ಜಾಸ್ತಿ, ಎರಡು ಮೂರು ದಿನ ಬಿಡದೆ ತಿಂದ್ರೆ ಬೇಜಾರಾಗತ್ತೆ. ಜೊತೆಗೆ ಒಂಬತ್ತು ಗಂಟೆ ಮೇಲೆ ಹೋದ್ರೆ ಒಳ್ಳೆ ಗಾಡಿಗಳಲ್ಲಿ ಖಾಲಿಯಾಗಿರತ್ತೆ, ಉಳಿದಿರೋ ಕಡೆ ಮಾಂಸ ಗಟ್ಟಿಯಾಗಿರತ್ತೆ.

ಕುಯ್ ತಿಯೊ ಚೀನಾ ಕಡೆಯಿಂದ ಬಂದಿದ್ದು, ದಕ್ಷಿಣ ಚೀನಾದ ತಿಯೊಚ್ಯು ಜನ ತಂದ ಅಕ್ಕಿ ನೂಡಲ್ಸ್ ಸೂಪು, ಹಂದಿ ಮೂಳೆ ಗಂಟೆಗಟ್ಟಲೆ ಕುದಿಸಿದ ಸಾರು, ಮೇಲೆ ಹುರಿದ ಬೆಳ್ಳುಳ್ಳಿ, ಪಕ್ಕದ ತಟ್ಟೆಯಲ್ಲಿ ಮೊಳಕೆಕಾಳು, ಲೆಟ್ಯೂಸ್, ನಿಂಬೆಹಣ್ಣು. ವಿಯೆಟ್ನಾಂನ ಸೈಗಾನ್‌ನಲ್ಲಿ ಹು ತಿಯು ನಾಮ್ ವಾಂಗ್ ಅಂತ ಸಿಗೋದೂ ನಾಮ್ ಪೆನ್‌ನಿಂದ ಹೋದ ಇದೇ ತಿಂಡಿ. ಚೆನ್ನಾಗಿಲ್ಲ ಅಂತ ಯಾರೂ ಹೇಳಕ್ಕಾಗಲ್ಲ, ಮಳೆ ಬಂದ ಬೆಳಿಗ್ಗೆಗೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ, ಕುದಿಯೋ ಸಾರು ಆಗಿರೋದ್ರಿಂದ ಹೊಟ್ಟೆ ಕೆಡೋ ಭಯ ಇರೋರಿಗೂ ಇದೇ ಸೇಫು. ಆದ್ರೆ ಇದೇ ಥರದ ಬಟ್ಟಲು ಬ್ಯಾಂಕಾಕ್, ಪೆನಾಂಗ್, ಸೈಗಾನ್ ಎಲ್ಲಾ ಕಡೆ ಸಿಗತ್ತೆ, ಅದಕ್ಕೇ ನನ್ನ ಲೆಕ್ಕದಲ್ಲಿ ಹಿಂದೆ ಬೀಳತ್ತೆ. ಬೋಬೋರ್ ಅನ್ನೋ ಅಕ್ಕಿ ಗಂಜಿನೂ ಇದೆ, ಉಪ್ಪು ಮೀನು, ಉಪ್ಪಲ್ಲಿಟ್ಟ ಬಾತುಕೋಳಿ ಮೊಟ್ಟೆ ಜೊತೆ, ಹುಷಾರಿಲ್ಲದಾಗ ಬಹಳ ಒಳ್ಳೇದು, ಹುಷಾರಾಗಿದ್ದಾಗ ಮಿಕ್ಕಿದ್ದು ತಿನ್ನಿ.

ಈಗ ನೊಮ್ ಬಾನ್ ಚೊಕ್. ನಮ್ಮ ಒತ್ತು ಶಾವಿಗೆ ನೆನಪಾಗತ್ತೆ ನೋಡಿದ ತಕ್ಷಣ, ಆದ್ರೆ ಮಾಡೋ ಕ್ರಮ ಬೇರೆ. ಅಕ್ಕಿ ನೆನೆಸಿ ರುಬ್ಬಿ, ಆ ಹಿಟ್ಟನ್ನ ಬಟ್ಟೆಯಲ್ಲಿ ಕಟ್ಟಿ ಮೇಲೆ ಭಾರ ಇಟ್ಟು ನೀರು ಬಸಿಯಕ್ಕೆ ಬಿಡ್ತಾರೆ, ಅಷ್ಟರಲ್ಲಿ ಸ್ವಲ್ಪ ಹುಳಿ ಬಂದಿರತ್ತೆ, ಆಮೇಲೆ ಹಳ್ಳಿ ಕಡೆ ಕಾಲಲ್ಲಿ ತುಳಿದು ಎತ್ತೋ ಒನಕೆಯಲ್ಲಿ ಕುಟ್ಟಿ, ತೂತಿನ ಬಿಲ್ಲೆಯಿಂದ ನೇರ ಕುದಿಯೋ ನೀರಿಗೇ ಒತ್ತಿ, ತಣ್ಣೀರಲ್ಲಿ ತೊಳೆದು ಸುರುಳಿ ಸುತ್ತಿಡ್ತಾರೆ. ಈ ಕೆಲಸ ಎಲ್ಲ ಬೆಳಕು ಹರಿಯೋ ಮುಂಚೆ. ಹೆಗಲ ಮೇಲೆ ಬಿದಿರಿನ ಕೋಲಿಗೆ ಎರಡು ಬುಟ್ಟಿ ತೂಗಿಸ್ಕೊಂಡು ಮಾರೋ ಹೆಂಗಸ್ರು ಇನ್ನೂ ಇದಾರೆ, ಒಂದು ಬುಟ್ಟಿಯಲ್ಲಿ ಶಾವಿಗೆ, ಇನ್ನೊಂದರಲ್ಲಿ ಸಾರಿನ ಪಾತ್ರೆ. ಬಟ್ಟಲಿಗೆ ಕೈಯಲ್ಲೇ ಸುರುಳಿ ಬಿಡಿಸಿ ಹಾಕಿ, ಸಣ್ಣಗೆ ಹೆಚ್ಚಿದ ಬಾಳೆ ಹೂವು, ಸೌತೆಕಾಯಿ, ಅಲಸಂದೆ ಕಾಯಿ, ನೈದಿಲೆ ದಂಟು, ಒಂದಷ್ಟು ಸೊಪ್ಪು, ಅದರ ಮೇಲೆ ಹಸಿರು ಹಳದಿ ಮೀನಿನ ಸಾರು. ಲೆಮನ್ ಗ್ರಾಸ್, ಅರಿಶಿನ, ಬೆಳ್ಳುಳ್ಳಿ ಎಲ್ಲ ಕುಟ್ಟಿದ ಮಸಾಲೆ, ಅದಕ್ಕೆ ಕ್ರೋಂಗ್ ಅಂತಾರೆ, ಬೇಯಿಸಿ ಕುಟ್ಟಿದ ಕೆರೆ ಮೀನು, ಜೊತೆಗೆ ಪ್ರಹೊಕ್, ಅಂದ್ರೆ ಉಪ್ಪಲ್ಲಿ ತಿಂಗಳುಗಟ್ಟಲೆ ಹುದುಗಿಸಿಟ್ಟ ಮೀನು. ಸಾರು ಬಿಸಿ ಇರಲ್ಲ, ಉಗುರುಬೆಚ್ಚಗಿರತ್ತೆ, ಕೆಲವರಿಗೆ ಅದೇ ಹಿಡಿಸಲ್ಲ, ನನಗಂತೂ ಆ ಬಿಸಿಲಿಗೆ ಅದೇ ಸರಿ ಅನ್ಸತ್ತೆ. ಒಂದೊಂದು ತುತ್ತಲ್ಲೂ ಬಾಳೆ ಹೂವಿನ ಒಗರು, ಸೌತೆಕಾಯಿಯ ಕರುಂ ಕುರುಂ, ಮೀನಿನ ಉಪ್ಪು, ಶಾವಿಗೆಯ ಸಣ್ಣ ಹುಳಿ ಬೇರೆ ಬೇರೆ ಗೊತ್ತಾಗತ್ತೆ. ಟೋನ್ಲೆ ಸಾಪ್ ಸರೋವರದ ಮೀನು, ಗದ್ದೆ ಅಕ್ಕಿ, ನೀರಿನ ಬದಿ ಸೊಪ್ಪು, ಆ ನೆಲ ಪೂರ್ತಿ ಒಂದು ಬಟ್ಟಲಲ್ಲಿದೆ, ಇದು ಇನ್ನೊಂದು ದೇಶದಲ್ಲಿ ಹಿಂಗೇ ಸಿಗಲ್ಲ. ದಕ್ಷಿಣದ ಕಂಪೋಟ್ ಕಡೆ ಹೋದ್ರೆ ತೆಂಗಿನ ಹಾಲು, ಒಣ ಸಿಗಡಿ, ಕಡ್ಲೆಕಾಯಿ ಹಾಕಿ ಬೇರೆ ಥರ ಮಾಡ್ತಾರೆ, ಅದೂ ಚೆನ್ನಾಗಿದೆ, ಆದ್ರೆ ನನಗೆ ಹಸಿರು ಸಾರೇ ಇಷ್ಟ.

ದುಡ್ಡಿನ ವಿಷಯಕ್ಕೆ ಮೂರೂ ಹೆಚ್ಚು ಕಮ್ಮಿ ಒಂದೇ, ಒಂದೆರಡು ಡಾಲರ್‌ನಲ್ಲಿ ಮುಗಿಯತ್ತೆ, ಡಾಲರ್ ಕೊಟ್ರೆ ಚಿಲ್ಲರೆ ಅಲ್ಲಿನ ದುಡ್ಡು ರಿಯೆಲ್‌ನಲ್ಲಿ ಬರತ್ತೆ, ಡಾಲರಿಗೆ ಸುಮಾರು 4000 ಅಂತ ಲೆಕ್ಕ ಇಟ್ಕೊಳ್ಳಿ. ಪೂರ್ತಿ ಸಸ್ಯಾಹಾರಿಗಳಿಗೆ ಈ ಮೂರೂ ಆಗಲ್ಲ, ಮಾಂಸ ತೆಗೆಸಿದ್ರೂ ಮೀನಿನ ಸಾಸ್ ಇದ್ದೇ ಇರತ್ತೆ, ಅವರು ಹೆದ್ದಾರಿ ಬದಿ ಸಿಗೋ ಕ್ರಲಾನ್ ಹುಡುಕಲಿ, ಬಿದಿರು ಕೊಳವೆಯೊಳಗೆ ಅಂಟಕ್ಕಿ, ತೆಂಗಿನ ಹಾಲು, ಕಾಳು ತುಂಬಿ ಸುಟ್ಟಿದ್ದು.

ಅಂಗ್ಕೋರ್‌ನ ಹಳೇ ದೇವಸ್ಥಾನಗಳನ್ನ ನೋಡಕ್ಕೆ ಹೋಗೋರು ಬಾಂತಿಯಾಯ್ ಸ್ರೇ ದೇವಸ್ಥಾನದ ದಾರೀಲಿ ಪ್ರೆಯಾ ಡಾಕ್ ಅನ್ನೋ ಹಳ್ಳೀಲಿ ಟುಕ್ ಟುಕ್ ನಿಲ್ಲಿಸಿ, ನೊಮ್ ಬಾನ್ ಚೊಕ್‌ಗೆ ಹೆಸರಾದ ಊರು, ರಸ್ತೆ ಪಕ್ಕದಲ್ಲೇ ಅಂಗಡಿಗಳಿವೆ. ವಾಪಸ್ ಬರೋವಾಗ ನೋಡೋಣ ಅಂತ ಮುಂದಕ್ಕೆ ಹಾಕ್ಬೇಡಿ, ಹೋಗ್ತಾನೇ ತಿನ್ಕೊಂಡು ಹೋಗಿ, ಶಾವಿಗೆ ಬೆಳಿಗ್ಗೆ ಇದ್ದಷ್ಟು ಮೃದು ಮಧ್ಯಾಹ್ನಕ್ಕೆ ಇರಲ್ಲ.